ನೋಡ್ ಕೆಟ್ಟಾಗ ಸೆನ್ಸರ್ ಜಾಲವನ್ನು ಮತ್ತೆ ಬೆಸೆದ ಬಗೆ: ನನ್ನ ಅನುಭವ

ಮಣ್ಣಿನ ತೇವಾಂಶವನ್ನೂ ಗಾಳಿಯ ಉಷ್ಣತೆಯನ್ನೂ ಅಳೆಯುವ, ಬ್ಯಾಟರಿಯಿಂದಲೇ ನಡೆಯುವ ನಿಸ್ತಂತು ಸೆನ್ಸರ್ ಜಾಲವೊಂದರ ಉಸ್ತುವಾರಿ ಕೆಲವು ವರ್ಷ ನನ್ನ ಪಾಲಿಗಿತ್ತು. ರೇಡಿಯೊ 2.4 ಗಿಗಾಹರ್ಟ್ಸ್‌ನ ಐಇಇಇ 802.15.4 (ಕಡಿಮೆ ಶಕ್ತಿಯ ನಿಸ್ತಂತು ಸಂಪರ್ಕದ ಮಾನದಂಡ), ಅದರ ಮೇಲೆ 2012ರಲ್ಲಿ ಆರ್‌ಎಫ್‌ಸಿ 6550 ಆಗಿ ಪ್ರಕಟವಾದ ಆರ್‌ಪಿಎಲ್ ರೂಟಿಂಗ್, ಅಂದರೆ ದತ್ತಾಂಶ ಯಾವ ದಾರಿಯಲ್ಲಿ ಸಾಗಬೇಕೆಂದು ನೋಡ್‌ಗಳು ತಾವೇ ಗೊತ್ತುಮಾಡಿಕೊಳ್ಳುವ ವಿಧಾನ. ಇಂಥ ಜಾಲದಲ್ಲಿ ನೋಡ್, ಅಂದರೆ ಜಾಲದ ಒಂದೊಂದು ಸೆನ್ಸರ್ ಪೆಟ್ಟಿಗೆ, ಕೆಡುವುದು ದಿನನಿತ್ಯದ ಮಾತು: ಬ್ಯಾಟರಿ ಮುಗಿಯುತ್ತದೆ, ಪೆಟ್ಟಿಗೆಯೊಳಗೆ ನೀರು ಇಳಿಯುತ್ತದೆ, ಆಂಟೆನಾದ ಕನೆಕ್ಟರ್ ತುಕ್ಕು ಹಿಡಿಯುತ್ತದೆ. ಒಂದು ನೋಡ್ ಕೆಟ್ಟು, ಅದರ ಹಿಂದಿನ ಹಲವು ನೋಡ್‌ಗಳು ಒಟ್ಟಿಗೆ ಸುದ್ದಿ ನಿಲ್ಲಿಸಿದಾಗ ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ. ಜಾಲ ನಿಜವಾಗಿಯೂ ತುಂಡಾಗಿದೆಯೇ, ಅಥವಾ ಬೇರೆ ದಾರಿ ಇದ್ದೂ ರೂಟಿಂಗ್‌ಗೆ ಅದು ಇನ್ನೂ ತಿಳಿದಿಲ್ಲವೇ? ಮೊದಲನೆಯದಾದರೆ ಕಂಬ, ಏಣಿ, ಹೊಸ ನೋಡ್ ಬೇಕು. ಎರಡನೆಯದಾದರೆ ಫರ್ಮ್‌ವೇರ್‌ನ (ನೋಡ್‌ನೊಳಗಿನ ತಂತ್ರಾಂಶದ) ಹೊಂದಿಕೆಗಳನ್ನು ತಿದ್ದಿದರೆ ಸಾಕು.

ನನ್ನ ಜಾಲದಲ್ಲಿ ಎರಡನೆಯ ಬಗೆಯೇ ಹೆಚ್ಚು ಕಂಡಿತು. ಪೇರೆಂಟ್ ನೋಡ್, ಅಂದರೆ ಬೇರೆ ನೋಡ್‌ಗಳ ದತ್ತಾಂಶವನ್ನು ಮುಂದೆ ಸಾಗಿಸುವ ನೋಡ್, ಸತ್ತಿದೆಯೆಂಬುದು ಅದರ ಮಕ್ಕಳಿಗೆ ತಾನಾಗಿ ತಿಳಿಯುವುದಿಲ್ಲ. ಕಳಿಸಿದ ಪ್ಯಾಕೆಟ್‌ಗೆ ಒಪ್ಪಿಗೆ (ತಲುಪಿತೆಂಬ ಮರುಸಂದೇಶ) ಬಾರದೆ, ಆ ಲಿಂಕಿನ ಇಟಿಎಕ್ಸ್ ಅಂದಾಜು (ಒಂದು ಪ್ಯಾಕೆಟ್ ತಲುಪಿಸಲು ಸರಾಸರಿ ಎಷ್ಟು ಸಲ ಕಳಿಸಬೇಕು ಎಂಬ ಲೆಕ್ಕ) ನಿಧಾನವಾಗಿ ಏರಿದ ಮೇಲೆಯೇ ಬೇರೆ ಪೇರೆಂಟ್‌ನ ಹುಡುಕಾಟ ಶುರುವಾಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಮಾತ್ರ ಮಾತನಾಡುವ ನೋಡ್‌ಗೆ ಇದು ತಾಸುಗಟ್ಟಲೆ ಹಿಡಿಯಬಹುದು. ಇದರ ಜತೆಗೆ, ಜಾಲ ಸ್ಥಿರವಾಗಿದ್ದಷ್ಟೂ ಟ್ರಿಕಲ್ ಟೈಮರ್ (ರೂಟಿಂಗ್ ಸಂದೇಶಗಳ ನಡುವಿನ ಅಂತರ ನಿರ್ಧರಿಸುವ ಗಡಿಯಾರ) ತನ್ನ ಅವಧಿಯನ್ನು ದ್ವಿಗುಣಗೊಳಿಸುತ್ತಾ ಹೋಗುತ್ತದೆ. ಆರ್‌ಪಿಎಲ್‌ನ ಮೂಲ ಹೊಂದಿಕೆಯಲ್ಲಿ ಅದು 8 ಮಿಲಿಸೆಕೆಂಡಿನಿಂದ ಸುಮಾರು 2.3 ಗಂಟೆಯವರೆಗೆ ಹಿಗ್ಗುತ್ತದೆ. ಅನಾಥವಾದ ನೋಡ್ ಸುಮ್ಮನೆ ಕಾಯುತ್ತಾ ಕುಳಿತರೆ ನೆರೆಯವರ ಡಿಐಒ ಸಂದೇಶ (ತಮ್ಮ ಮೂಲಕ ದಾರಿಯಿದೆ ಎಂಬ ಸಾರಿಕೆ) ಅದರ ಕಿವಿಗೆ ಬೀಳುವುದು ಯಾವಾಗಲೋ. ಆದ್ದರಿಂದ ಪೇರೆಂಟ್ ಕಳೆದುಕೊಂಡ ನೋಡ್ ಕೂಡಲೇ ಡಿಐಎಸ್ (ಡಿಐಒ ಕಳಿಸಿರೆಂದು ನೆರೆಯವರನ್ನು ಕೇಳುವ ಸಂದೇಶ) ಪ್ರಸಾರ ಮಾಡುವಂತೆಯೂ, ಸತತವಾಗಿ ಕೆಲವು ಪ್ಯಾಕೆಟ್‌ಗಳಿಗೆ ಒಪ್ಪಿಗೆ ಬಾರದಿದ್ದರೆ ಅಂದಾಜು ಏರುವುದನ್ನು ಕಾಯದೆ ಆ ಪೇರೆಂಟ್‌ನನ್ನು ಕೈಬಿಡುವಂತೆಯೂ, ಟ್ರಿಕಲ್ ಅವಧಿಯ ಗರಿಷ್ಠ ಮಿತಿಯನ್ನು ಕೆಲವೇ ನಿಮಿಷಗಳಿಗೆ ಇಳಿಸುವಂತೆಯೂ ಮಾಡಿದೆ. ಬ್ಯಾಟರಿಗೆ ಇದರಿಂದ ಹೊರೆ ಹೆಚ್ಚಿತು ನಿಜ; ಆದರೆ ನೋಡ್‌ಗಳು ತಾವೇ ಹೊಸ ದಾರಿ ಹಿಡಿಯತೊಡಗಿದಾಗ ಅದು ದುಬಾರಿ ಎನಿಸಲಿಲ್ಲ.

ಜಾಲ ನಿಜವಾಗಿ ತುಂಡಾಗುವ ಸಂದರ್ಭಕ್ಕೆ ಸಿದ್ಧತೆಯನ್ನು ಮುಂಚಿತವಾಗಿಯೇ ಮಾಡಿಟ್ಟುಕೊಳ್ಳಬೇಕು. ಪ್ರತಿ ನೋಡ್ ತನ್ನ ನೆರೆಪಟ್ಟಿಯನ್ನು, ಅಂದರೆ ಯಾರ ಸಂಕೇತ ಎಷ್ಟು ಬಲದಲ್ಲಿ ಕೇಳಿಸುತ್ತದೆ ಎಂಬುದನ್ನು, ದಿನಕ್ಕೊಮ್ಮೆ ಗೇಟ್‌ವೇಗೆ (ಇಡೀ ಜಾಲದ ದತ್ತಾಂಶ ಬಂದು ಸೇರುವ ಸಾಧನಕ್ಕೆ) ಕಳಿಸುವಂತೆ ಮಾಡಿ, ಬಂದ ಮಾಹಿತಿಯಿಂದ ಗ್ರಾಫ್ (ನೋಡ್‌ಗಳು ಬಿಂದುಗಳಾಗಿ, ಲಿಂಕ್‌ಗಳು ಗೆರೆಗಳಾಗಿರುವ ಚಿತ್ರ) ಕಟ್ಟಿದೆ. ಯಾವ ಒಂದು ನೋಡ್ ತೆಗೆದರೆ ಗ್ರಾಫ್ ಎರಡಾಗುತ್ತದೆಯೋ ಅದೇ ಛೇದಕ ನೋಡ್. ಆಳ-ಮೊದಲ ಶೋಧದ (ಒಂದು ದಾರಿಯನ್ನು ಕೊನೆಮುಟ್ಟಿಸಿ ಆಮೇಲೆ ಹಿಂದಿರುಗುವ ಹುಡುಕಾಟದ) ಒಂದೇ ಸುತ್ತಿನಲ್ಲಿ ಇವೆಲ್ಲವೂ ಸಿಕ್ಕಿಬಿಡುತ್ತವೆ, ಲೆಕ್ಕಕ್ಕೆ ಸಣ್ಣ ಗೇಟ್‌ವೇ ಸಾಕು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಎ ನೋಡ್‌ಗೆ ಬಿ ಕೇಳಿಸುತ್ತದೆಂದರೆ ಬಿಗೆ ಎ ಕೇಳಿಸುತ್ತದೆಂದು ಅರ್ಥವಲ್ಲ. ಎರಡೂ ಕಡೆಯಿಂದ ವರದಿಯಾದ ಲಿಂಕನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಇನ್ನೊಂದು, ನೆರೆಪಟ್ಟಿಯ ಜಾಗ ಸೀಮಿತವಾದ್ದರಿಂದ ದಟ್ಟವಾದ ಭಾಗದಲ್ಲಿ ಇರುವ ಲಿಂಕ್‌ಗಳೆಲ್ಲ ಅದರಲ್ಲಿ ದಾಖಲಾಗುವುದಿಲ್ಲ, ಹಾಗಾಗಿ ಪಟ್ಟಿ ತುಂಬಿದ ನೋಡ್‌ನ ಸುತ್ತ ಗ್ರಾಫ್ ತೋರಿಸುವ ಛೇದಕ ಸುಳ್ಳೂ ಆಗಿರಬಹುದು. ಅಂಥ ಕಡೆ ಅನುಮಾನದ ನೋಡ್ ಒಂದನ್ನು ಬೇಕೆಂದೇ ಆಫ್ ಮಾಡಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಗಲಿಲ್ಲ.

ಸಂಶೋಧನಾ ಪ್ರಬಂಧಗಳಲ್ಲಿ ಛೇದಕ ಸತ್ತಾಗ ನೆರೆಯ ನೋಡ್‌ಗಳೇ ಸರಿದು ಆ ಜಾಗ ತುಂಬುವ ವಿಧಾನಗಳು ಬಹಳ ಇವೆ. ಚಕ್ರವಿಲ್ಲದ ನೋಡ್‌ಗೆ ಅವು ಪ್ರಯೋಜನಕ್ಕೆ ಬರುವುದಿಲ್ಲ. ಕನಿಷ್ಠ ರಿಲೇಗಳಿಂದ (ಸಂದೇಶವನ್ನು ಮುಂದೆ ದಾಟಿಸುವ ನೋಡ್‌ಗಳಿಂದ) ಎಲ್ಲ ತುಂಡುಗಳನ್ನೂ ಬೆಸೆಯುವ ಸಮಸ್ಯೆ ಎನ್‌ಪಿ-ಕಠಿಣ, ಅಂದರೆ ಅದನ್ನು ಬೇಗ ಬಿಡಿಸುವ ಸಾಮಾನ್ಯ ವಿಧಾನ ತಿಳಿದಿಲ್ಲ, ಎಂಬುದೂ ಗೊತ್ತಿರುವ ಮಾತೇ. ಆದರೆ ಎರಡೋ ಮೂರೋ ತುಂಡುಗಳಿರುವಾಗ ನಕ್ಷೆಯ ಮೇಲೆ ಕೈಯಿಂದಲೇ ಬಗೆಹರಿಯುತ್ತದೆ. ನಾನು ಪಾಲಿಸಿದ ನಿಯಮವೆಂದರೆ, ಹೊಸ ರಿಲೇ ಎರಡೂ ತುಂಡುಗಳಲ್ಲಿ ತಲಾ ಎರಡು ನೋಡ್‌ಗಳಿಗಾದರೂ ಚೆನ್ನಾಗಿ ಕೇಳಿಸಬೇಕು, ಸಾಧ್ಯವಾದ ಕಡೆ ರಿಲೇಗಳೇ ಎರಡಿರಬೇಕು. ಒಂದೇ ರಿಲೇ ನೆಟ್ಟರೆ ಹಳೆಯ ಛೇದಕದ ಬದಲು ಹೊಸ ಛೇದಕವೊಂದನ್ನು ನೆಟ್ಟಂತೆ.

ಜಾಗವನ್ನು ನಕ್ಷೆಯಲ್ಲಿ ವೃತ್ತ ಎಳೆದು ಗೊತ್ತುಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. 100 ಮೀಟರ್ ದೂರದ ಲಿಂಕಿನ ನಡುಮಧ್ಯದಲ್ಲಿ 2.4 ಗಿಗಾಹರ್ಟ್ಸ್‌ಗೆ ಮೊದಲ ಫ್ರೆಸ್ನೆಲ್ ವಲಯದ (ಸಂಕೇತ ಚೆನ್ನಾಗಿ ಸಾಗಲು ಎರಡು ಆಂಟೆನಾಗಳ ನಡುವೆ ತೆರವಾಗಿರಬೇಕಾದ ಜಾಗದ) ತ್ರಿಜ್ಯ ಸುಮಾರು 1.8 ಮೀಟರ್, ಪೆಟ್ಟಿಗೆ ಮೊಣಕಾಲೆತ್ತರದಲ್ಲಿದ್ದರೆ ಆ ವಲಯದ ಕೆಳಭಾಗವನ್ನು ನೆಲವೂ ಗಿಡಗಳೂ ನುಂಗಿಬಿಡುತ್ತವೆ, ಒದ್ದೆ ಎಲೆಗಳಂತೂ ಸಂಕೇತವನ್ನು ಇನ್ನಷ್ಟು ಹೀರುತ್ತವೆ. ಹಾಗಾಗಿ ಬ್ಯಾಟರಿ ಕಟ್ಟಿದ ಪರೀಕ್ಷಾ ನೋಡ್ ಒಂದನ್ನು ಉದ್ದನೆಯ ಕೋಲಿನ ತುದಿಗೆ ಬಿಗಿದು, ಆಯ್ದ ಜಾಗಗಳಲ್ಲಿ ನಿಂತು ಎರಡೂ ದಿಕ್ಕಿನಲ್ಲಿ ನೂರಾರು ಪ್ಯಾಕೆಟ್ ಕಳಿಸಿ, ತಲುಪಿದವನ್ನು ಎಣಿಸುತ್ತಿದ್ದೆ. ಸಿಸಿ2420 ಎಂಬ ರೇಡಿಯೊ ಚಿಪ್‌ಗಳ ಜತೆಗಿನ ರೂಢಿಯಂತೆ ಮೈನಸ್ 87 ಡಿಬಿಎಂಗಿಂತ (ಡಿಬಿಎಂ ಸಂಕೇತದ ಬಲದ ಅಳತೆ) ದುರ್ಬಲವಾದ ಸಂಕೇತವನ್ನು ನಾನು ನಂಬುತ್ತಿರಲಿಲ್ಲ. ಒಣ ಹವೆಯಲ್ಲಿ ಅಳೆದಾಗ ಅದಕ್ಕಿಂತ ಹತ್ತು ಡೆಸಿಬೆಲ್‌ನಷ್ಟಾದರೂ ಉಳಿಕೆ ಇಲ್ಲದ ಜಾಗವನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ. ಕೆಲವೆಡೆ ಪೆಟ್ಟಿಗೆಯನ್ನು ಒಂದು ಮೀಟರ್ ಮೇಲಕ್ಕೆ ಏರಿಸಿದ್ದರಿಂದಲೇ ಲಿಂಕ್ ಮರಳಿ ಬಂತು, ಹೊಸ ರಿಲೇ ಬೇಕಾಗಲಿಲ್ಲ.

ಸಂಪರ್ಕ ಮರಳಿದ ಮೇಲೆ ನೋಡಬೇಕಾದದ್ದು ಹೊರೆ. ತುಂಡಾಗಿದ್ದ ಭಾಗದ ದತ್ತಾಂಶವೆಲ್ಲ ಈಗ ಒಂದೆರಡು ನೋಡ್‌ಗಳ ಮೇಲೆ ಹಾದುಹೋಗುತ್ತದೆ. ಗೇಟ್‌ವೇಗೆ ಹತ್ತಿರದವು ಮೊದಲೇ ಬೇಗ ಬರಿದಾಗುವ ನೋಡ್‌ಗಳು. ಸಿಸಿ2420 ಕೇಳುತ್ತಾ ಕುಳಿತಿರುವಾಗ 18.8 ಮಿಲಿಆಂಪ್, 0 ಡಿಬಿಎಂನಲ್ಲಿ ಕಳಿಸುವಾಗ 17.4 ಮಿಲಿಆಂಪ್ ಎಳೆಯುತ್ತದೆ. ಅಂದರೆ ಬ್ಯಾಟರಿಯ ಆಯುಸ್ಸನ್ನು ನಿರ್ಧರಿಸುವುದು ರೇಡಿಯೊ ಎಚ್ಚರವಿರುವ ಕಾಲ, ಕಳಿಸುವ ಶಕ್ತಿಯಲ್ಲ. ಬೆಸುಗೆಯಾದ ಮೇಲೆ ಪ್ರತಿ ನೋಡ್‌ನ ರೇಡಿಯೊ ಕಾಲವನ್ನು ಕೆಲವು ದಿನ ಗಮನಿಸಿ, ಏರಿದ್ದ ನೋಡ್‌ಗೆ ದೊಡ್ಡ ಬ್ಯಾಟರಿ ಹಾಕುತ್ತಿದ್ದೆ, ಇಲ್ಲವೆ ಅದರ ಪಕ್ಕದಲ್ಲೇ ಮತ್ತೊಂದನ್ನು ಇಡುತ್ತಿದ್ದೆ. ಈ ಹಂತವನ್ನು ಬಿಟ್ಟರೆ ಮುಂದಿನ ವಿಭಜನೆ ಅದೇ ಜಾಗದಲ್ಲಿ ಕಾದಿರುತ್ತದೆ.

ಕೊನೆಯದು ಹಿಂದುಳಿದ ದತ್ತಾಂಶದ ಕೆಲಸ. ನಮ್ಮ ನೋಡ್‌ಗಳು ಸಂಪರ್ಕವಿಲ್ಲದಾಗ ಅಳತೆಗಳನ್ನು ಫ್ಲ್ಯಾಷ್‌ನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದವು. ಎಲ್ಲವೂ ಒಮ್ಮೆಲೇ ಕಳಿಸತೊಡಗಿದರೆ ಹೊಸ ರಿಲೇಯ ಕ್ಯೂ ತುಂಬಿ ಪ್ಯಾಕೆಟ್‌ಗಳು ಉದುರುವುದರಿಂದ, ಪ್ರತಿ ನೋಡ್ ಯಾದೃಚ್ಛಿಕ ವಿಳಂಬದ ನಂತರ, ಹೊಸ ಅಳತೆಗಳನ್ನು ಮೊದಲೂ ಹಳೆಯವನ್ನು ಆಮೇಲೂ ಕಳಿಸುವಂತೆ ಮಾಡಿದೆ. ಗಡಿಯಾರದ್ದು ಬೇರೆಯೇ ಕಥೆ: 40 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 40 ಪಾಲು, ತಪ್ಪುವ ಗಡಿಯಾರದ ಹರಳು ದಿನಕ್ಕೆ ಸುಮಾರು 3.5 ಸೆಕೆಂಡ್ ಜಾರುತ್ತದೆ. ಆದ್ದರಿಂದ ಮರಳಿ ಸೇರಿದ ಕ್ಷಣದಲ್ಲಿ ಗೇಟ್‌ವೇಯ ಸಮಯವನ್ನೂ ನೋಡ್‌ನ ಸಮಯವನ್ನೂ ಒಟ್ಟಿಗೆ ದಾಖಲಿಸಿ, ನಡುವಿನ ಅಳತೆಗಳಿಗೆ ಆ ವ್ಯತ್ಯಾಸವನ್ನು ಕಾಲಕ್ಕೆ ಅನುಪಾತವಾಗಿ ಹಂಚಿದ ಮೇಲೆಯೇ ಅವನ್ನು ಮುಖ್ಯ ಕಡತಕ್ಕೆ ಸೇರಿಸುತ್ತಿದ್ದೆ.