ಅರಬೈಲ್ ಘಟ್ಟದಲ್ಲಿ ಏದುಸಿರು ಬಿಡುತ್ತಿದ್ದ ನಮ್ಮ ಮನೆಗಾಡಿ

ಹಳೆಯ ಡೀಸೆಲ್ ವ್ಯಾನಿನಲ್ಲಿ ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಕೂರಿಸಿಕೊಂಡು ತಿರುಗುವವರು ನಾವು. ಅಂಕೋಲಾದಿಂದ ಹುಬ್ಬಳ್ಳಿಗೆ ಮರಳುವಾಗ ಅರಬೈಲ್ ಘಟ್ಟದಲ್ಲಿ ಗಾಡಿ ಎರಡನೇ ಗೇರಿನಲ್ಲೂ ತೆವಳುತ್ತಿತ್ತು, ಹಿಂದೆ ಕಪ್ಪು ಹೊಗೆ.

ಎಂಜಿನ್ನಿಗೆ ಡೀಸೆಲ್ ಕಳಿಸುವ ಪಂಪನ್ನು ತಿರುಗಿಸಿ ಡೀಸೆಲ್ ಹೆಚ್ಚಿಸಿ ಎಂದರು ಹಲವರು. ನಾನು ಒಪ್ಪಲಿಲ್ಲ. ಕಪ್ಪು ಹೊಗೆ ಬಂದರೆ ಮೊದಲು ಗಾಳಿಯ ದಾರಿ ನೋಡಬೇಕು. ಗಾಳಿ ಸಾಲದಿರುವಾಗ ಡೀಸೆಲ್ ಸುರಿದರೆ ಹೊಗೆಯೂ ಬಿಸಿಯೂ ಹೆಚ್ಚುತ್ತವೆ.

ಏರ್ ಫಿಲ್ಟರ್ ತಟ್ಟಿದಾಗ ಬೊಗಸೆ ಧೂಳು ಉದುರಿತು. ಹೊಸದು ಹಾಕಿದ ಮೇಲೂ ಅರ್ಧವಷ್ಟೇ ಗುಣ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ, ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಬಳಿ ಎಣ್ಣೆ ಜಿಡ್ಡು ಕಂಡಿತು. ಒರೆಸಿ ಬಗ್ಗಿಸಿದೆ. ಬೆರಳುದ್ದದ ಸೀಳು ಬಾಯಿ ಬಿಟ್ಟಿತು! ಗಾಳಿ ಸೋರುತ್ತಿದ್ದುದು ಅಲ್ಲೇ. ಪೈಪು, ಕ್ಲಿಪ್ ಎರಡನ್ನೂ ಬದಲಿಸಿದೆ.

ಏರಿನಲ್ಲಿ ಭಾರವೂ ಲೆಕ್ಕಕ್ಕೆ ಬರುತ್ತದೆ: 100 ಲೀಟರ್ ನೀರೆಂದರೆ 100 ಕಿಲೋ ಭಾರ. ಈಗ ಘಟ್ಟ ಹತ್ತಿದ ಮೇಲೆಯೇ ಟ್ಯಾಂಕ್ ತುಂಬಿಸುತ್ತೇವೆ. ಕಳೆದ ವಾರ ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆವು.