ಕೊಬ್ಬು ಉರಿಯಬೇಕಾದರೆ ಗಿರಿಯನ್ನು ಹೀಗೆ ಹತ್ತಿ

ಚಳಿಗಾಲದ ಬೆಳಗ್ಗೆ ಮುಳ್ಳಯ್ಯನಗಿರಿಯ ಸರ್ಪದಾರಿಯ ಬುಡದಲ್ಲಿ ನಿಂತು ಒಮ್ಮೆ ಜೋರಾಗಿ ಉಸಿರು ಬಿಡಿ. ಬಾಯಿಂದ ಬಿಳಿ ಆವಿ ಹೊರಡುತ್ತದೆ. ಮೈಯ ಕೊಬ್ಬು ಹೊರಹೋಗುವ ದೊಡ್ಡ ಬಾಗಿಲು ಇದೇ. 10 ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಶ್ವಾಸಕೋಶದಿಂದ ಹೊರಬೀಳುತ್ತದೆ, ಉಳಿದದ್ದು ನೀರಾಗುತ್ತದೆ. ಕೊಬ್ಬು ಬೆವರಾಗಿ ಇಳಿಯುತ್ತದೆಂದು ನಂಬಿ ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರು ಕಳೆದುಕೊಳ್ಳುವುದು ಬರೀ ನೀರನ್ನು.

ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ನಮ್ಮ ಕಡೆ ಬಚ್ಚಲೊಲೆ ಹೊತ್ತಿಸುವಾಗ ಮೊದಲು ತರಗು, ಪುರಲೆ ಇಟ್ಟು, ಬೆಂಕಿ ನಿಂತ ಮೇಲೆ ಕೊರಡು ಒಡ್ಡುತ್ತೇವಲ್ಲ, ಮೈಯೂ ಹಾಗೆಯೇ. ಸ್ನಾಯುವಿನಲ್ಲೇ ಇರುವ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೊಜೆನ್, ತರಗಿನಂತೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಆಮ್ಲಜನಕ ಸಾಲದಿದ್ದರೂ ಸ್ವಲ್ಪ ಹೊತ್ತು ಶಕ್ತಿ ಕೊಡುತ್ತದೆ. ಕೊಬ್ಬು ಕೊರಡು. ಅಡ್ರಿನಲಿನ್ ಎಂಬ ಹಾರ್ಮೋನು ಸೂಚನೆ ಕೊಟ್ಟ ಮೇಲೆ ಅದು ಒಡೆದು, ರಕ್ತದಲ್ಲಿ ಸಾಗಿ, ಸ್ನಾಯುಕೋಶದೊಳಗಿನ ಒಲೆಯಾದ ಮೈಟೊಕಾಂಡ್ರಿಯ ಸೇರಬೇಕು. ಅಲ್ಲಿ ಆಮ್ಲಜನಕ ಇಲ್ಲದೆ ಅದು ಉರಿಯುವುದೇ ಇಲ್ಲ.

ಆಮೇಲೆ ವೇಗವನ್ನು ಮಾತಿನಿಂದ ಅಳೆಯಿರಿ. ಜೊತೆಗಾರರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು. ಒಂದೊಂದೇ ಪದ ಹೊರಡುತ್ತಿದ್ದರೆ ಸ್ನಾಯು ಹೆಚ್ಚಾಗಿ ಸಕ್ಕರೆಯತ್ತ ಹೊರಳಿದೆ ಎಂದೇ ಲೆಕ್ಕ. ಅದೇನೂ ತಪ್ಪಲ್ಲ. ವೇಗವಾಗಿ ಹತ್ತಿದಾಗ ಒಟ್ಟು ಖರ್ಚಾಗುವ ಕ್ಯಾಲೊರಿ ಹೆಚ್ಚೇ ಇರುತ್ತದೆ. ಆದರೆ ಆ ವೇಗದಲ್ಲಿ ಬಹಳ ಹೊತ್ತು ನಡೆಯಲಾಗದು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಅಡಗಿರುವಾಗ ಅದು ಬೇಗ ಉರಿದು ಮುಗಿಯುವುದಿಲ್ಲ, ಹಾಗಾಗಿ ಹೊಸಬರಿಗೆ ಬೇಕಾದದ್ದು ವೇಗಕ್ಕಿಂತ ಹೊತ್ತು.

ಏರು ಕಡಿದಾದಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಮೂಗು ಬಾಯಿ ಎರಡರಿಂದಲೂ ಉಸಿರಾಡಿ. ಗಿರಿಯ ತುದಿ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇ 21. ಆದರೆ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಐದರಲ್ಲೊಂದು ಪಾಲು ಕಡಿಮೆ, ಹಾಗಾಗಿ ಪ್ರತಿ ಉಸಿರಿಗೂ ಸಿಗುವುದು ಕಡಿಮೆ. ಎದೆ ಹಿಡಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕುಳಿತುಬಿಡಿ. ಹತ್ತುವುದು ಅಂದಿಗೆ ಸಾಕು, ವೈದ್ಯರನ್ನು ಕಾಣಿ.

ಮೇಲೆ ತಲುಪಿ ಕುಳಿತ ಮೇಲೂ ಕೆಲವು ನಿಮಿಷ ಉಸಿರು ಜೋರಾಗಿಯೇ ಇರುತ್ತದೆ. ಸ್ನಾಯು ಖರ್ಚು ಮಾಡಿದ್ದನ್ನು ಮತ್ತೆ ಕೂಡಿಸಿಕೊಳ್ಳಲು ಮೈ ಇನ್ನೂ ಆಮ್ಲಜನಕ ಎಳೆಯುತ್ತಿರುತ್ತದೆ. ಅದು ತಹಬಂದಿಗೆ ಬರಲಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ, ಆಮೇಲೆ ಬುತ್ತಿ ಬಿಚ್ಚಿ.