ಹಾರ್ಮೋನುಗಳ ದಾರಿ ತಪ್ಪಿಸುವ ರಾಸಾಯನಿಕಗಳಿಂದ ದೂರವಿರುವುದು ಹೇಗೆ?

ನಿರ್ನಾಳ ಗ್ರಂಥಿಗಳು ಅತ್ಯಲ್ಪ ಪ್ರಮಾಣದಲ್ಲಿ ಸ್ರವಿಸುವ ಹಾರ್ಮೋನುಗಳು ರಕ್ತದಲ್ಲಿ ಸಾಗಿ, ಜೀವಕೋಶಗಳ ಗ್ರಾಹಿಗಳಿಗೆ ಅಂಟಿಕೊಂಡು ತಮ್ಮ ಕೆಲಸ ಮಾಡುತ್ತವೆ. ಕೆಲವು ಕೈಗಾರಿಕಾ ರಾಸಾಯನಿಕಗಳು ಅದೇ ಗ್ರಾಹಿಗಳಿಗೆ ಅಂಟಿ ಸುಳ್ಳು ಸಂದೇಶ ಕೊಡುತ್ತವೆ, ಇಲ್ಲವೇ ಹಾರ್ಮೋನಿನ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ಗಟ್ಟಿ ಪ್ಲಾಸ್ಟಿಕ್‌ನಲ್ಲಿರುವ ಬಿಸ್ಫಿನಾಲ್-ಎ (ಬಿಪಿಎ) ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ಅನುಕರಿಸಿದರೆ, ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಕೆಲವು ಥ್ಯಾಲೇಟ್‌ಗಳು ಗಂಡು ಇಲಿಯ ಭ್ರೂಣದಲ್ಲಿ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಕುಗ್ಗಿಸುತ್ತವೆ. ಹೆಚ್ಚಿನ ಅಪಾಯವಿರುವುದು ಗರ್ಭದಲ್ಲಿ ಜನನಾಂಗಗಳು ರೂಪುಗೊಳ್ಳುವ ಅವಧಿಯಲ್ಲಿ. ಗರ್ಭಪಾತ ತಡೆಯಲೆಂದು ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜೆನ್ ಸೇವಿಸಿದ ತಾಯಂದಿರ ಹೆಣ್ಣುಮಕ್ಕಳಲ್ಲಿ, ಅವರು ಹರೆಯಕ್ಕೆ ಬಂದ ಮೇಲೆ, ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡದ್ದು 1971ರಲ್ಲಿ ಬೆಳಕಿಗೆ ಬಂದಿತು. ಆದ್ದರಿಂದ ಗರ್ಭಿಣಿಯರು, ಮಗುವನ್ನು ಬಯಸುತ್ತಿರುವವರು ಮುಂದಿನ ಕ್ರಮಗಳನ್ನು ಮೊದಲು ಅನುಸರಿಸಬೇಕು.

ಅಡುಗೆಮನೆಯಿಂದ ಆರಂಭಿಸಿ. ಬಿಸಿ ಮತ್ತು ಜಿಡ್ಡು ಸೇರಿದಾಗ ಪ್ಲಾಸ್ಟಿಕ್‌ನಿಂದ ಈ ರಾಸಾಯನಿಕಗಳು ಹೆಚ್ಚಾಗಿ ಆಹಾರಕ್ಕಿಳಿಯುತ್ತವೆ. ಬಿಸಿ ಪದಾರ್ಥಕ್ಕೆ ಗಾಜು ಅಥವಾ ಸ್ಟೀಲ್ ಪಾತ್ರೆ ಬಳಸಿ, ಮೈಕ್ರೊವೇವ್‌ನಲ್ಲಿ ಪ್ಲಾಸ್ಟಿಕ್ ಇಡಬೇಡಿ. ಡಬ್ಬಿಯ ತಳದ ತ್ರಿಕೋನದಲ್ಲಿ 3 ಎಂದಿದ್ದರೆ ಅದು ಥ್ಯಾಲೇಟ್ ಇರಬಹುದಾದ ಪಿವಿಸಿ ಪ್ಲಾಸ್ಟಿಕ್. 7 ಎಂದಿದ್ದರೆ ಬಿಸ್ಫಿನಾಲ್-ಎಯಿಂದ ತಯಾರಾಗುವ ಪಾಲಿಕಾರ್ಬೊನೇಟ್ ಆಗಿರಬಹುದು. ಗೀರು ಬಿದ್ದು ಮಸುಕಾದ ಡಬ್ಬಿಗಳನ್ನು ಆಹಾರಕ್ಕೆ ಬಳಸದಿರುವುದು ಲೇಸು. ‘ಬಿಪಿಎ ರಹಿತ’ ಎಂಬ ಚೀಟಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ, ಏಕೆಂದರೆ ಅದರ ಬದಲಿಗೆ ಬರುವ ಬಿಸ್ಫಿನಾಲ್-ಎಸ್ ಕೂಡ ಹೆಚ್ಚುಕಡಿಮೆ ಹಾಗೆಯೇ ವರ್ತಿಸುತ್ತದೆ.

ಎರಡನೆಯದು ಅಂಗಡಿಯ ರಸೀದಿ. ಉಗುರಿನಿಂದ ಗೀರಿದಾಗ ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ; ಅದರ ಲೇಪದಲ್ಲಿ ಬಿಸ್ಫಿನಾಲ್ ಇರುವ ಸಾಧ್ಯತೆ ಹೆಚ್ಚು. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಅದನ್ನು ಹಿಡಿದರೆ ಚರ್ಮ ಇನ್ನಷ್ಟು ಹೀರಿಕೊಳ್ಳುತ್ತದೆ. ಮನೆಯ ಧೂಳಿನಲ್ಲೂ ಇವು ಸೇರಿರುವುದರಿಂದ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮುನ್ನ ಕೈ ತೊಳೆದುಕೊಳ್ಳಿ.

ಬಿಸ್ಫಿನಾಲ್ ಮತ್ತು ಥ್ಯಾಲೇಟ್‌ಗಳ ಬಹುಪಾಲು ಒಂದೆರಡು ದಿನಗಳಲ್ಲಿ ಮೂತ್ರದೊಂದಿಗೆ ಹೊರಹೋಗುವುದರಿಂದ ಇಷ್ಟು ಎಚ್ಚರಿಕೆಗೂ ಫಲವಿದೆ. ಕೀಟನಾಶಕವಾದ ಡಿಡಿಟಿ, ಹಿಂದೆ ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಪಿಸಿಬಿಗಳ ಕತೆ ಬೇರೆ. ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ಅವು ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಹೆಚ್ಚುತ್ತಾ ಹೋಗುತ್ತವೆ.

ಕೊನೆಯ ಹೆಜ್ಜೆ ಮನೆಯ ಚರಂಡಿಗೆ ಸಂಬಂಧಿಸಿದ್ದು. ಉಳಿದ ಔಷಧಿಗಳನ್ನು ಶೌಚಾಲಯಕ್ಕೆ ಸುರಿಯದೆ, ಮರಳಿ ಪಡೆಯುವ ವ್ಯವಸ್ಥೆಯಿರುವ ಔಷಧಿ ಅಂಗಡಿಗೆ ಒಪ್ಪಿಸಿ. ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿಗಳು 2001ರಿಂದ 2003ರವರೆಗೆ ಪ್ರಯೋಗಕ್ಕೆಂದೇ ಮೀಸಲಾದ ಕೆರೆಯೊಂದಕ್ಕೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೊಜೆನ್ನನ್ನು ಲೀಟರಿಗೆ ಕೇವಲ 5–6 ನ್ಯಾನೊಗ್ರಾಂನಷ್ಟು ಬೆರೆಸಿದಾಗ, ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನಿನ ಗಂಡುಗಳಲ್ಲಿ ಮೊಟ್ಟೆಗೆ ಬೇಕಾದ ಪ್ರೋಟೀನ್ ಉತ್ಪತ್ತಿಯಾಗತೊಡಗಿತು. ಆ ಮೀನಿನ ಸಂತತಿ ಕೆರೆಯಲ್ಲಿ ಬಹುತೇಕ ನಶಿಸಿತು. ಆದರೆ ಈ ಹಾರ್ಮೋನು ನದಿ ಸೇರುವುದು ಮುಖ್ಯವಾಗಿ ಮೂತ್ರದ ಮೂಲಕವೇ ಆದುದರಿಂದ, ಇದಕ್ಕಾಗಿ ಯಾರೂ ಮಾತ್ರೆ ನಿಲ್ಲಿಸಬೇಕಿಲ್ಲ; ಹೊಣೆ ಇರುವುದು ಕೊಳಚೆನೀರು ಶುದ್ಧೀಕರಣ ಘಟಕಗಳ ಮೇಲೆ. ಓಝೋನ್ ಅಥವಾ ಸಕ್ರಿಯ ಇಂಗಾಲ ಬಳಸಿ ಇಂಥ ಅಂಶಗಳನ್ನು ಬಹುಮಟ್ಟಿಗೆ ತೆಗೆಯಬಹುದು. ಸ್ವಿಟ್ಜರ್ಲೆಂಡ್ 2016ರಲ್ಲಿ ಜಾರಿಗೆ ಬಂದ ನಿಯಮದಡಿ ಆಯ್ದ ಘಟಕಗಳಲ್ಲಿ ಈ ಹೆಚ್ಚುವರಿ ಹಂತವನ್ನು ಅಳವಡಿಸುತ್ತಿದೆ.